ಜೀವ ಉಳಿಸುವ ಯಂತ್ರ ಯಾರ ಭಾಷೆ ಆಡಬೇಕು?

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡ ಬಳಿಕ ಹೃದಯಸ್ತಂಭನವೆಂಬುದು ಕನ್ನಡಿಗರ ಮನೆಮನೆಯ ಮಾತಾಯಿತು. ಕರ್ನಾಟಕ ಸರಕಾರ 2023ರಲ್ಲಿ ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿ, ಜನಸಂದಣಿಯ ಸ್ಥಳಗಳಲ್ಲಿ ಡಿಫಿಬ್ರಿಲೇಟರ್ ಯಂತ್ರ ಇರಿಸುವುದನ್ನೂ ಅದರಲ್ಲಿ ಸೇರಿಸಿತು. ಆದರೆ ಸರಕಾರದ ಯೋಜನೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಗಡಿಯಾಚೆ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡಿಗರ ಪಾಡೇನು? ಕಾಸರಗೋಡಿನ ನಮಗೆ ಈ ಪ್ರಶ್ನೆ ದೂರದ್ದಲ್ಲ.

ಮೊದಲು ಯಂತ್ರದ ವಿಷಯ. ಹೃದಯಸ್ತಂಭನವಾದಾಗ ಅನೇಕ ಬಾರಿ ಹೃದಯ ಪೂರ್ತಿ ನಿಶ್ಚಲವಾಗಿರುವುದಿಲ್ಲ. ಅದರ ಕೆಳಕೋಣೆಗಳು ತಾಳ ತಪ್ಪಿ ಬರಿದೇ ಅದುರುತ್ತಿರುತ್ತವೆ, ರಕ್ತ ಮುಂದೆ ಹರಿಯದು. ಎದೆಯ ಮೂಲಕ ಹಾಯಿಸಿದ ವಿದ್ಯುತ್ ಆಘಾತ ಆ ಅದುರುವಿಕೆಯನ್ನು ಒಮ್ಮೆಲೇ ತಡೆದು, ಹೃದಯ ತನ್ನ ಸಹಜ ಬಡಿತವನ್ನು ಮರಳಿ ಹಿಡಿಯಲು ಅವಕಾಶ ಕೊಡುತ್ತದೆ. ಎದೆ ಒತ್ತುವ ಪ್ರಥಮ ಚಿಕಿತ್ಸೆಯೂ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕುಗ್ಗುತ್ತದೆ. ಆಸ್ಪತ್ರೆ ತಲಪುವವರೆಗೆ ಕಾಯುವಂತಿಲ್ಲವೆಂದೇ ಬೆಲ್‌ಫಾಸ್ಟಿನ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ 1960ರ ದಶಕದಲ್ಲಿ ಈ ಯಂತ್ರವನ್ನು ಆಂಬುಲೆನ್ಸಿಗೆ ಏರಿಸಿದರು.

ಈಗಿನ ಸ್ವಯಂಚಾಲಿತ ಯಂತ್ರಕ್ಕೆ ವೈದ್ಯರೇ ಬೇಕೆಂದಿಲ್ಲ. ಅದು ಹೃದಯದ ಗತಿಯನ್ನು ತಾನೇ ಪರೀಕ್ಷಿಸಿ, ಆಘಾತ ಬೇಡವಾದರೆ ಕೊಡುವುದಿಲ್ಲ. ಪಟ್ಟಿ ಎಲ್ಲಿ ಅಂಟಿಸಬೇಕು, ಗುಂಡಿ ಯಾವಾಗ ಒತ್ತಬೇಕು, ಎದೆ ಒತ್ತುವುದನ್ನು ಯಾವಾಗ ಮುಂದುವರಿಸಬೇಕು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳುತ್ತದೆ. ‘ರೋಗಿಯನ್ನು ಯಾರೂ ಮುಟ್ಟಬೇಡಿ’ ಎಂಬ ಎಚ್ಚರಿಕೆಯೂ ಅದರದೇ. ಆ ಮಾತು ತಿಳಿಯದಿದ್ದರೆ ಸಹಾಯಕ್ಕೆ ಬಂದವನಿಗೇ ಅಪಾಯ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರುಗಳ ಜೊತೆಗೆ ಆಂಧ್ರಕ್ಕೆ ಸೇರಿತು. ತುಮಕೂರು ಜಿಲ್ಲೆಯ ಮಗ್ಗುಲಲ್ಲಿರುವ ಮಡಕಶಿರಾ 2022ರ ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾಯಿತು, ಮನೆಮಾತು ಬದಲಾಗಲಿಲ್ಲ.

ಅಲ್ಲಿನವರಿಗೆ ತೆಲುಗು ಬರುತ್ತದಲ್ಲ ಎಂದು ಕೆಲವರು ಹೇಳಿಯಾರು. ನಿಜ, ಶಾಲೆ-ಸಂತೆಗಳಿಗೆ ಹೋಗುವವರಿಗೆ ಬರುತ್ತದೆ. ಗಡಿಯಾಚೆಗೆ ಹೆಣ್ಣು ಕೊಟ್ಟು ತರುವ ಸಂಬಂಧ ಇಂದಿಗೂ ಇದೆ. ಪಾವಗಡದಿಂದಲೋ ಸಿರಾದಿಂದಲೋ ಬಂದ ಸೊಸೆಗೆ, ಮನೆ ಬಿಟ್ಟು ಕದಲದ ಅಜ್ಜಿಗೆ? ಮನೆಯ ಯಜಮಾನ ಕುಸಿದು ಬಿದ್ದಾಗ ಹತ್ತಿರವಿರುವವರು ಹೆಚ್ಚಾಗಿ ಇವರೇ. ಕೈಕಾಲು ನಡುಗುವ ಹೊತ್ತಿನಲ್ಲಿ ಕಿವಿಗೆ ಹತ್ತುವುದು ತಾಯಿನುಡಿಯೊಂದೇ. 108ಕ್ಕೆ ಕರೆ ಮಾಡಿದಾಗಲೂ ಇದೇ ತೊಡಕು.

ಇದು ತೆಲುಗಿನೊಡನೆ ಜಗಳವಲ್ಲ. ಅಲ್ಪಸಂಖ್ಯಾತ ಭಾಷಿಕರು ಜಿಲ್ಲೆಯಲ್ಲಾಗಲಿ ಅದಕ್ಕಿಂತ ಕೆಳಗಿನ ಘಟಕದಲ್ಲಾಗಲಿ ನೂರಕ್ಕೆ 15ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬುದು ರಾಜ್ಯಗಳು ಒಪ್ಪಿಕೊಂಡ ರಕ್ಷಣೆ. ಇದರ ಪಾಲನೆ ನೋಡಿಕೊಳ್ಳಲು ಸಂವಿಧಾನದ 350ಬಿ ವಿಧಿಯಂತೆ ವಿಶೇಷಾಧಿಕಾರಿ ಇದ್ದಾರೆ. ಪ್ರಕಟಣೆಗೆ ಸಲ್ಲುವ ನ್ಯಾಯ ಪ್ರಾಣ ಉಳಿಸುವ ಸೂಚನೆಗೆ ಸಲ್ಲಬಾರದೇಕೆ? ಹಲವು ಯಂತ್ರಗಳಲ್ಲಿ ಧ್ವನಿಯ ಭಾಷೆಯನ್ನು ಆರಿಸಿಕೊಳ್ಳಬಹುದು, ಕೊಳ್ಳುವಾಗಲೇ ಕೇಳಿದರಾಯಿತು. ಕನ್ನಡದ ಧ್ವನಿ ಸಿಗದಿದ್ದರೆ ಪೆಟ್ಟಿಗೆಯ ಮೇಲೆ ಚಿತ್ರಸಹಿತ ಕನ್ನಡ ಸೂಚನೆ, ಕನ್ನಡ ಶಾಲೆಗಳಲ್ಲಿ ಎದೆ ಒತ್ತುವ ತರಬೇತಿ. ಇದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ.

2020ರಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದುಹೋದ ದಿನಗಳನ್ನು ನಾವು ಮರೆತಿಲ್ಲ. ಗಡಿ ರೋಗಿಗೆ ಅಡ್ಡ ಬಂದರೆ ಏನಾಗುತ್ತದೆಂದು ಅಂದು ಕಂಡೆವು. ಭಾಷೆಯೂ ಹಾಗೆ ಅಡ್ಡ ಬರಬಾರದು. ರಾಯದುರ್ಗ, ಮಡಕಶಿರಾಗಳ ಪರವಾಗಿ ಕೇಳುವುದನ್ನು ನಮ್ಮ ಪಂಚಾಯತುಗಳಲ್ಲಿಯೂ ಕೇಳೋಣ: ಯಂತ್ರ ಬರಲಿ, ಕನ್ನಡವನ್ನೂ ಆಡಲಿ.