ಮುಯ್ಯಿ ಪುಸ್ತಕವೂ ಹುಂಡಿಯೂ

ಹೋದ ಚಳಿಗಾಲದ ಒಂದು ಭಾನುವಾರ. ನಮ್ಮ ವೋನ್‌ಹೈಮ್‌ನ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಕುದೀತಾ ಇತ್ತು. ಅಷ್ಟರಲ್ಲಿ ನಮ್ಮಲ್ಲೊಬ್ಬಳಿಗೆ ಊರಿಂದ ಅಪ್ಪನ ಫೋನ್ ಬಂತು. "ಏನಮ್ಮಾ, ಈಗ ತಾನೇ ನನ್ನ ಮೊಬೈಲಿಗೆ ಮೆಸೇಜ್ ಬಂತು. ಯಾವುದೋ ಫಾರಿನ್ ಕಂಪನಿಗೆ ದುಡ್ಡು ಹೋಗಿದೆಯಂತೆ, ಏನದು?"

"ಮೇಲ್ ಸರ್ವಿಸ್ ಅಪ್ಪಾ."

"ಮೇಲ್ ಫ್ರೀ ಅಲ್ವೇನಮ್ಮಾ? ದುಡ್ಡು ಕೊಟ್ಟು ಯಾರಾದ್ರೂ ಮೇಲ್ ತಗೋತಾರಾ?"

ಅವಳು ಏನೋ ಹೇಳಿ ಫೋನಿಟ್ಟಳು. ಆಮೇಲೆ ನಮ್ಮ ಹತ್ತಿರ ವಿಷಯ ಬಿಡಿಸಿ ಹೇಳಿದಳು. ಇಲ್ಲಿ ಬರೆಯೋಕೂ ಒಪ್ಪಿದಳು. ಕೆಲವು ತಿಂಗಳಿಂದ ಅವಳು ಆಪ್ತಸಮಾಲೋಚಕರೊಬ್ಬರ ಜೊತೆ ಮಾತಾಡುತ್ತಿದ್ದಳು. ಅವಳ ಹಳೇ ಮೇಲ್ ಖಾತೆ ಮನೆಯ ಟ್ಯಾಬ್ಲೆಟ್‌ನಲ್ಲಿ ಇನ್ನೂ ಲಾಗಿನ್ ಆಗಿಯೇ ಇದೆ, ತಮ್ಮ ಅದನ್ನೇ ಬಳಸ್ತಾನೆ. ಅದಕ್ಕೇ ಬೇರೆ ಮೇಲ್ ಬೇಕಿತ್ತು. ಆದರೆ ಕಾರ್ಡ್ ಅಪ್ಪನ ಖಾತೆಯದ್ದು, ಬ್ಯಾಂಕಿಗೆ ಕೊಟ್ಟಿರೋ ನಂಬರ್ ಅಪ್ಪನದ್ದು. ಗುಟ್ಟು ಕಾಯೋ ಸೇವೆ ಕೊಂಡ ಸುದ್ದಿಯೇ ಮೊದಲು ಮನೆ ಮುಟ್ಟಿತು.

ಅಪ್ಪ ಕೆಟ್ಟವರೇನಲ್ಲ. ದೂರದೇಶದಲ್ಲಿರೋ ಮಗಳ ದುಡ್ಡು ಎಲ್ಲಿ ಹೋಗ್ತಿದೆ ಅಂತ ಕೇಳೋದು ತಂದೆಯ ಕಾಳಜಿ. ಆದರೆ ತನ್ನ ಕಷ್ಟವನ್ನು ಮನೆಯಲ್ಲಿ ಯಾವಾಗ, ಹೇಗೆ ಹೇಳಬೇಕು ಅನ್ನೋದು ಅವಳು ತೀರ್ಮಾನಿಸಬೇಕಾದ ವಿಷಯ. ಆ ತೀರ್ಮಾನವನ್ನು ಒಂದು ಎಸ್‌ಎಮ್‌ಎಸ್ ಅವಳ ಕೈಯಿಂದ ಕಿತ್ತುಕೊಂಡಿತು.

ಅವತ್ತಿನಿಂದ ನಮ್ಮ ನಡುವೆ ಈ ಚರ್ಚೆ ನಡೀತಾನೇ ಇದೆ. ನಾವು ವಿಪಿಎನ್ ತಗೋತೀವಿ, ಎನ್‌ಕ್ರಿಪ್ಟ್ ಆದ ಮೇಲ್ ತಗೋತೀವಿ. ಆದರೆ ಅದಕ್ಕೆ ದುಡ್ಡು ಕೊಡೋದು ನಮ್ಮ ಹೆಸರು, ವಿಳಾಸ ಎಲ್ಲಾ ಅಂಟಿಕೊಂಡಿರೋ ಕಾರ್ಡ್‌ನಿಂದ. ಹಾಗಾದ್ರೆ ನಾವು ಕೊಂಡಿದ್ದಾದರೂ ಏನು? ಸೇವೆಯೊಳಗೆ ಏನು ಬರೆದ್ವಿ ಅನ್ನೋದು ಗುಟ್ಟಾಗಿ ಉಳೀಬಹುದು. ಸೇವೆ ಕೊಂಡವರು ಯಾರು, ಯಾವತ್ತು ಅನ್ನೋದು ಮಾತ್ರ ಬ್ಯಾಂಕಿನ ಪುಸ್ತಕದಲ್ಲಿ ವರ್ಷಗಟ್ಟಲೆ ಕೂತಿರುತ್ತೆ. ವೀಸಾ ವಿಸ್ತರಣೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಕಚೇರಿಗೆ ಕೊಟ್ಟವರಿಗೆ ಗೊತ್ತು, ಅದರ ಒಂದೊಂದು ಸಾಲೂ ನಮ್ಮ ಬದುಕಿನ ಬಗ್ಗೆ ಏನಾದರೊಂದು ಹೇಳುತ್ತೆ.

ನಮ್ಮೂರಲ್ಲಿ ದುಡ್ಡು ಕೊಡೋಕೆ ಎರಡು ರೀತಿ ಇದೆ. ಮದುವೆಮನೆಯಲ್ಲಿ ಮುಯ್ಯಿ ಕೊಟ್ರೆ ಪುಸ್ತಕದಲ್ಲಿ ಹೆಸರು, ಊರು, ಮೊತ್ತ ಎಲ್ಲಾ ಬರೀತಾರೆ. ನಾಳೆ ತಿರುಗಿ ಕೊಡಬೇಕಲ್ಲ, ಲೆಕ್ಕ ಬೇಕೇ ಬೇಕು. ದೇವಸ್ಥಾನದ ಹುಂಡಿಗೆ ಹಾಕಿದ್ರೆ ಯಾರೂ ಹೆಸರು ಕೇಳಲ್ಲ. ಕೇಳೋ ಅವಶ್ಯಕತೆಯೂ ಇಲ್ಲ. ಎರಡೂ ಪದ್ಧತಿ ಅದರದರ ಜಾಗದಲ್ಲಿ ಸರಿ. ಈಗ ಆಗಿರೋದೇನು ಅಂದ್ರೆ, ಹುಂಡಿಯ ಪಕ್ಕದಲ್ಲೂ ಮುಯ್ಯಿ ಪುಸ್ತಕ ಹಿಡಿದು ಒಬ್ಬರು ಕೂತುಬಿಟ್ಟಿದ್ದಾರೆ.

ಹುಂಡಿಯ ರೀತಿ ಇಂಟರ್ನೆಟ್‌ನಲ್ಲೂ ಸಾಧ್ಯ. ಸ್ವೀಡನ್ನಿನ ಮುಲ್ವಾಡ್ ಅನ್ನೋ ವಿಪಿಎನ್ ಕಂಪನಿ ಖಾತೆ ತೆರೆಯೋಕೆ ಹೆಸರೂ ಕೇಳಲ್ಲ, ಇಮೇಲೂ ಕೇಳಲ್ಲ. 16 ಅಂಕಿಯ ಒಂದು ಸಂಖ್ಯೆ ಕೊಡುತ್ತೆ, ಅಷ್ಟೇ ನಿಮ್ಮ ಗುರುತು. ತಿಂಗಳಿಗೆ 5 ಯೂರೋ. ಒಂದು ಚೀಟಿಯಲ್ಲಿ ಪಾವತಿಯ ಕೋಡ್ ಬರೆದು, ನೋಟಿನ ಜೊತೆ ಲಕೋಟೆಯಲ್ಲಿಟ್ಟು ಪೋಸ್ಟ್ ಮಾಡಿದ್ರೆ ಖಾತೆಗೆ ದಿನಗಳು ಜಮಾ ಆಗ್ತವೆ. ಬರ್ಲಿನ್ನಿನ ಪೋಸ್ಟೆಯೊ ಮೇಲ್ ಸೇವೆಗೂ ಹೀಗೇ ಲಕೋಟೆಯಲ್ಲಿ ನಗದು ಕಳಿಸಬಹುದು, ತಿಂಗಳಿಗೆ 1 ಯೂರೋ.

ಇದರಿಂದ ಏನು ಪ್ರಯೋಜನ ಅಂತ ಕೇಳಿದ್ರೆ 2023ರ ಏಪ್ರಿಲ್ 18ರ ಘಟನೆ ಇದೆ. ಅವತ್ತು ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಗೋಥೆನ್‌ಬರ್ಗ್‌ನಲ್ಲಿರೋ ಮುಲ್ವಾಡ್ ಕಚೇರಿಗೆ ಬಂದ್ರು. ಅವರು ಹುಡುಕ್ತಿದ್ದ ಗ್ರಾಹಕರ ಮಾಹಿತಿಯನ್ನು ಕಂಪನಿ ಇಟ್ಟುಕೊಂಡೇ ಇರಲಿಲ್ಲ. ಬರಿಗೈಯಲ್ಲಿ ವಾಪಸ್ ಹೋದ್ರು. ಅದಕ್ಕೂ ಮುಂಚೆ, 2022ರಲ್ಲಿ, ತಿಂಗಳು ತಿಂಗಳು ತಾನಾಗೇ ದುಡ್ಡು ಕಡಿತವಾಗೋ ಸಬ್‌ಸ್ಕ್ರಿಪ್ಷನ್ ಪದ್ಧತಿಯನ್ನೇ ಆ ಕಂಪನಿ ನಿಲ್ಲಿಸಿತ್ತು. ಹಾಗೆ ಕಡಿತ ಮಾಡಬೇಕಾದ್ರೆ ಪಾವತಿಯ ವಿವರ ಇಟ್ಟುಕೊಳ್ಳಲೇಬೇಕಾಗುತ್ತೆ, ಅದಕ್ಕೆ. ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಯಾರೂ ಕಿತ್ತುಕೊಳ್ಳೋಕಾಗಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ನಮ್ಮ ದೇಶದ್ದು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಐಪಿ ವಿಳಾಸ, ಸೇವೆ ತಗೊಂಡ ಉದ್ದೇಶ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದ್ರು. ಖಾಸಗಿತನದ ಅಂಗಡಿಗೇ ಮುಯ್ಯಿ ಪುಸ್ತಕ ಕಡ್ಡಾಯ ಮಾಡಿದ ಹಾಗಾಯ್ತು.

ಈ ಮಾತು ಬಂದಾಗಲೆಲ್ಲ ನಮ್ಮಲ್ಲೇ ಯಾರಾದರೊಬ್ಬರು ಕೇಳ್ತಾರೆ: "ತಪ್ಪು ಮಾಡದವರಿಗೆ ಭಯ ಯಾಕ್ರೋ? ಕಳ್ಳರಿಗೂ ಇದೇ ಅನುಕೂಲ ಆಗಲ್ವಾ?" ಈ ಪ್ರಶ್ನೆಯನ್ನು ತಳ್ಳಿಹಾಕೋ ಹಾಗಿಲ್ಲ. ಹೆಸರಿಲ್ಲದ ದುಡ್ಡಿನಿಂದ ಕೆಟ್ಟ ಕೆಲಸಗಳೂ ಆಗ್ತವೆ. ಕಂಪ್ಯೂಟರ್ ಒತ್ತೆಯಿಟ್ಟು ಹಣ ಕೀಳೋರು ಕೇಳೋದೂ ಕ್ರಿಪ್ಟೋವನ್ನೇ. ಆದರೆ ಮೊತ್ತ ನೋಡಿ ನಿಯಮ ಮಾಡಬಹುದಲ್ಲ. 2027ರ ಜುಲೈಯಿಂದ ಯೂರೋಪ್ ಒಕ್ಕೂಟದಲ್ಲಿ ವ್ಯಾಪಾರದ ನಗದು ಪಾವತಿಗೆ 10,000 ಯೂರೋ ಮಿತಿ ಬರ್ತಿದೆ. ದೊಡ್ಡ ಮೊತ್ತಕ್ಕೆ ಲೆಕ್ಕ ಕೇಳಲಿ, ನಮಗೆ ತಕರಾರಿಲ್ಲ. ನಾವು ಮಾತಾಡ್ತಿರೋದು ಎರಡು ಕಾಫಿ ಬೆಲೆಯ ಬಗ್ಗೆ.

ಇನ್ನು ಭಯದ ಮಾತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ 'ನೋ ಯುಪಿಐ' ಬೋರ್ಡ್ ಬಂತು. ತೆರಿಗೆ ಕಟ್ಟಬೇಕಾದವರು ಕಟ್ಟಲಿ. ಆದರೆ ಅನುಕೂಲಕ್ಕೆ ಅಂತ ಶುರುವಾದ ದಾಖಲೆ ಮುಂದೊಂದು ದಿನ ಬೇರೆ ಕೆಲಸಕ್ಕೆ ಬಳಕೆಯಾಗುತ್ತೆ ಅನ್ನೋದನ್ನ ನಾವು ಯಾವ ಕ್ಲಾಸಲ್ಲೂ ಕಲಿತಿರಲಿಲ್ಲ, ಬೇಕರಿ ಅಂಗಡಿಯವರು ಕಲಿಸಿದ್ರು.

ಇಲ್ಲಿಗೆ ಹೊಸದಾಗಿ ಬಂದಾಗ ಬ್ರೆಡ್ ಅಂಗಡಿಯಲ್ಲಿ 'ನಗದು ಮಾತ್ರ' ಅಂತ ಬೋರ್ಡ್ ನೋಡಿ ನಾವೆಲ್ಲ ನಕ್ಕಿದ್ವಿ. ಯಾವ ಕಾಲದಲ್ಲಿದ್ದಾರಪ್ಪ ಇವರು ಅಂತ. ಆಮೇಲೆ ಬರ್ಲಿನ್‌ಗೆ ಹೋದಾಗ ಸ್ಟಾಸಿ ಮ್ಯೂಸಿಯಂ ನೋಡಿದ್ವಿ. ಹಳೇ ಪೂರ್ವ ಜರ್ಮನಿಯ ಗುಪ್ತಚರ ಇಲಾಖೆ ತನ್ನ ಜನರ ಮೇಲೇ ಬರೆದಿಟ್ಟ ಕಡತಗಳನ್ನು ಸಾಲಾಗಿ ಜೋಡಿಸಿದ್ರೆ ಸುಮಾರು 111 ಕಿ.ಮೀ. ಆಗುತ್ತಂತೆ. ಅದನ್ನು ಕಂಡ ಮೇಲೆ ಅಜ್ಜಿಯರು ಪರ್ಸ್‌ನಿಂದ ಚಿಲ್ಲರೆ ಎಣಿಸಿ ಕೊಡೋದನ್ನ ನೋಡಿ ನಗು ಬರಲಿಲ್ಲ. ಇಲ್ಲಿನ ಸಂವಿಧಾನ ನ್ಯಾಯಾಲಯ 1983ರ ಡಿಸೆಂಬರ್ 15ರಂದೇ, ಜನಗಣತಿಯ ಪ್ರಕರಣದಲ್ಲಿ, ತನ್ನ ಮಾಹಿತಿಯ ಮೇಲೆ ತನಗೇ ಹಕ್ಕು ಅಂತ ಹೇಳಿತು. ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಹಕ್ಕಿನ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ ಅನ್ನೋದನ್ನ ನಾವು ಮರೀಬಾರದು.

ಹಾಗಂತ ಲಕೋಟೆಯಲ್ಲಿ ದುಡ್ಡು ಕಳಿಸಿದ ಕೂಡಲೇ ನಾವು ಅದೃಶ್ಯರಾಗಲ್ಲ. ಅನಾಮಧೇಯವಾಗಿ ಕೊಂಡ ವಿಪಿಎನ್ ಹಾಕಿಕೊಂಡು ಸ್ವಂತ ಹೆಸರಿನ ಗೂಗಲ್ ಖಾತೆಗೆ ಲಾಗಿನ್ ಆದ್ರೆ ಗೂಗಲ್‌ಗೆ ನಾವ್ಯಾರು ಅಂತ ಗೊತ್ತೇ ಇರುತ್ತೆ. ಬಿಟ್‌ಕಾಯಿನ್ ಗುಟ್ಟಿನದ್ದು ಅಂತ ಹಲವರ ನಂಬಿಕೆ. ಅದರ ಲೆಕ್ಕದ ಪುಸ್ತಕ ಇಡೀ ಜಗತ್ತಿಗೆ ತೆರೆದೇ ಇರುತ್ತೆ. ತನಿಖೆಯಲ್ಲಿ ಕೇಳಿದಾಗ ಗ್ರಾಹಕರ ಐಪಿ ವಿಳಾಸ ಕೊಡಲೇಬೇಕು ಅಂತ 2018ರ ಡಿಸೆಂಬರ್‌ನಲ್ಲಿ ಪೋಸ್ಟೆಯೊ ವಿರುದ್ಧ ಇದೇ ಸಂವಿಧಾನ ನ್ಯಾಯಾಲಯ ಹೇಳಿತು. ಪೋಸ್ಟ್‌ನಲ್ಲಿ ನೋಟು ಕಳೆದುಹೋದ್ರೆ ಹೋಯ್ತು. ಇಷ್ಟಿದ್ದರೂ ಒಂದು ಬಾಗಿಲಾದರೂ ಮುಚ್ಚುತ್ತೆ, ಮತ್ತು ಅದು ಸಾಮಾನ್ಯರಿಗೆ ಬೇಕಾಗೋ ಬಾಗಿಲು. ನಮ್ಮ ಗೆಳತಿಗೆ ಪೊಲೀಸರಿಂದ ಅಡಗೋದಿರಲಿಲ್ಲ. ಎಸ್‌ಎಮ್‌ಎಸ್‌ನಿಂದ ತಪ್ಪಿಸಿಕೊಂಡಿದ್ರೆ ಸಾಕಿತ್ತು.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಖಾಸಗಿತನ ಮಾರುವ ಯಾವ ಸೇವೆಯೇ ಆಗಲಿ, ಹೆಸರು ಹೇಳದೆ ದುಡ್ಡು ಕೊಡೋ ಒಂದು ದಾರಿಯನ್ನಾದರೂ ಇಡಬೇಕು. ಸರ್ಕಾರಗಳು ಸಣ್ಣ ಮೊತ್ತಕ್ಕೆ ಆ ದಾರಿ ಮುಚ್ಚಬಾರದು. ನಾವು, ಕಷ್ಟ ಬಂದಾಗ ಮಾತ್ರ ಅಲ್ಲ, ಸುಮ್ಮನೆ ಇರುವಾಗಲೇ ಅದನ್ನು ಬಳಸಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಎಲ್ಲರೂ ಬಳಸಿದಾಗಲೇ ಬಳಸುವವರ ಮೇಲೆ ಅನುಮಾನ ಹುಟ್ಟಲ್ಲ.

ಇನ್ನೊಂದು ಮಾತು ಇಂಜಿನಿಯರ್‌ಗಳಾದ ನಮಗೇ. ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನ ಪಾವತಿ ಆಪ್‌ಗಳನ್ನು, ಲಾಗಿನ್ ಪುಟಗಳನ್ನು ಬರೆಯೋ ಕೆಲಸದಲ್ಲಿರ್ತೀವಿ. ಫಾರ್ಮ್‌ನಲ್ಲಿ 'ಹೆಸರು' ಅನ್ನೋ ಕಡೆ ಕೆಂಪು ನಕ್ಷತ್ರ ಹಾಕಿ ಕಡ್ಡಾಯ ಮಾಡೋರು ನಾವೇ ಆಗಿರ್ತೀವಿ. ಹಾಕೋ ಮುಂಚೆ ಒಂದು ಸಲ ಕೇಳಿಕೊಳ್ಳೋಣ: ಇದು ಮದುವೆಮನೆಯೋ, ಹುಂಡಿಯೋ?

ಗೆಳತಿ ಆಮೇಲೆ ಮಾರ್ಚ್‌ನಲ್ಲಿ ಮತ್ತೊಂದು ಮೇಲ್ ಖಾತೆ ತೆಗೆದಳು. ಈ ಸಲ ಒಂದು ಲಕೋಟೆ, ಒಂದು ಚೀಟಿ, 20 ಯೂರೋ ನೋಟು. ನಾವೆಲ್ಲ ಜೊತೆಗೆ ನಡೆದು ಹೋಗಿ ಮೂಲೆಯ ಹಳದಿ ಡಬ್ಬಕ್ಕೆ ಹಾಕಿ ಬಂದ್ವಿ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಹತ್ತಿರ ಅವಳೇ ಕೂತು ಎಲ್ಲಾ ಹೇಳಿದಳಂತೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತೇನಮ್ಮಾ" ಅಂದ್ರಂತೆ. "ಆಗ ಹೇಳೋ ಧೈರ್ಯ ಇರಲಿಲ್ಲ ಅಪ್ಪಾ" ಅಂದಳಂತೆ ಇವಳು.