ಸೈರನ್ ಮೊಳಗಿದರೆ ಸಾಕೆ?



2025ರ ಮೇ 7ರಂದು ನಾಗರಿಕ ರಕ್ಷಣೆಯ ಅಣಕು ಕವಾಯತಿಗೆ ಗುರುತಿಸಲಾದ ಸ್ಥಳಗಳ ಪಟ್ಟಿಯಲ್ಲಿ ನಮ್ಮ ರಾಯಚೂರೂ ಇತ್ತು. ಸೈರನ್ ಕೇಳಿದರೆ ಏನು ಮಾಡಬೇಕು, ದೀಪ ಹೇಗೆ ಆರಿಸಬೇಕು ಎಂಬುದು ಅದರ ಪಾಠ. ನೆರೆಯ ಎರಡು ದೇಶಗಳೂ ಅಣುಬಾಂಬು ಇಟ್ಟುಕೊಂಡಿರುವಾಗ ಅಷ್ಟು ಪಾಠ ಸಾಕೆ?

ಹಿರೋಷಿಮಾವನ್ನು ನೆನೆಯಿರಿ. 1945ರ ಆಗಸ್ಟ್ 6ರಂದು ಅಲ್ಲಿನ 1780 ದಾದಿಯರಲ್ಲಿ 1654 ಮಂದಿ ಸತ್ತರು, ಇಲ್ಲವೇ ಗಾಯಗೊಂಡರು. ಆರೈಕೆ ಮಾಡಬೇಕಾದವರೇ ಇಲ್ಲವಾದರು. ಆಗ ನಗರದ ಅಂಚಿನ ನಾಗತ್ಸುಕದಲ್ಲಿದ್ದ ಯೇಸುಸಭೆಯ ತರಬೇತಿ ಮನೆಯೇ ಆಸ್ಪತ್ರೆಯಾಯಿತು. ಗುರುವಾಗುವ ಮುನ್ನ ವೈದ್ಯಶಾಸ್ತ್ರ ಓದಿದ್ದ ಫಾದರ್ ಪೆದ್ರೊ ಅರುಪೆ, ಬೋರಿಕ್ ಆಮ್ಲ ಮತ್ತು ಬಟ್ಟೆಯ ಪಟ್ಟಿಗಳಿಂದ ಸುಮಾರು 150 ಗಾಯಾಳುಗಳನ್ನು ಉಪಚರಿಸಿದರು.

ಈಗ ಗುಂಜಹಳ್ಳಿಯನ್ನು ನೋಡಿ. ರಾಯಚೂರೇ ಸುಟ್ಟ ದಿನ, ರೋಗಿಯನ್ನು ರಾಯಚೂರಿಗೆ ಒಯ್ಯಿರಿ ಎಂಬ ಮಾತಿಗೆ ಅರ್ಥವೇನು? ನಗರದವರೇ ಹಳ್ಳಿಯ ಬಾಗಿಲಿಗೆ ಬಂದಾರು. ವಿಕಿರಣದ ಧೂಳು ಹತ್ತಿದ ಬಟ್ಟೆ ಕಳಚಿಸಿ ಮೈ ತೊಳೆಯಲು, ರಕ್ತ ತಡೆಯಲು, ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸಲು ಊರಿಗೆ ಹತ್ತು ಮಂದಿಯಾದರೂ ಕಲಿತಿರಬೇಡವೇ? ರಸ್ತೆ ಅಪಘಾತಕ್ಕೂ ಬೆಂಕಿ ಅನಾಹುತಕ್ಕೂ ಒದಗುವ ಈ ವಿದ್ಯೆ ಎಂದೂ ವ್ಯರ್ಥವಾಗದು.

ಆದರೆ ಮೋಸಹೋಗಬೇಡಿ. ಲಕ್ಷ ಮಂದಿ ಏಕಕಾಲಕ್ಕೆ ಬೆಂದರೆ ಯಾವ ದೇಶದ ಆಸ್ಪತ್ರೆಗಳೂ ಸಾಲವು. ಬಾಂಬೇ ನಮ್ಮ ಕಾವಲು ಎನ್ನುವವರು, ಸುಟ್ಟವರಿಗೆ ಹಾಸಿಗೆ ಎಲ್ಲಿದೆ ಎಂದು ಹೇಳಲಿ. ಅಣ್ವಸ್ತ್ರವನ್ನು ಬಳಸುವುದಷ್ಟೇ ಅಲ್ಲ, ಹೊಂದುವುದೂ ಅನೈತಿಕವೆಂದು ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಹಿರೋಷಿಮಾದಲ್ಲೇ ನಿಂತು ಸಾರಿದರು.

ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಮಕ್ಕಳಿಗೆ ಕಲಿಸೋಣ. ಬಾಂಬಿಗೆ ಜಯಕಾರ ಹಾಕುವುದನ್ನು ನಾವು ಬಿಡೋಣ.