ಒಂದೂವರೆ ಸೆಕೆಂಡ್ ಕಾಯುವ ಗಡಿಯಾರ

ಸ್ವಿಟ್ಜರ್‌ಲೆಂಡಿನ ರೈಲು ನಿಲ್ದಾಣದ ಗಡಿಯಾರವನ್ನು ಒಂದು ನಿಮಿಷ ದಿಟ್ಟಿಸಿ ನೋಡಿದವರಿಗೆ ಅದು ಕೆಟ್ಟಿದೆಯೇನೋ ಎಂಬ ಅನುಮಾನ ಬರುವುದು ಸಹಜ. ಕೆಂಪು ಸೆಕೆಂಡ್ ಮುಳ್ಳು ಸುಮಾರು 58.5 ಸೆಕೆಂಡಿನಲ್ಲೇ ಸುತ್ತು ಮುಗಿಸಿ 12ರ ಬಳಿ ನಿಂತುಬಿಡುತ್ತದೆ. ಮುಖ್ಯ ಗಡಿಯಾರದಿಂದ ವಿದ್ಯುತ್ ಸಂಕೇತ ಬಂದೊಡನೆ ನಿಮಿಷದ ಮುಳ್ಳು ಜಿಗಿಯುತ್ತದೆ, ಸೆಕೆಂಡ್ ಮುಳ್ಳು ಮತ್ತೆ ಹೊರಡುತ್ತದೆ. ಸೆಕೆಂಡ್ ಮುಳ್ಳಿನ ಮೋಟಾರು ಕೊಂಚ ಹಿಂದೆಮುಂದಾದರೂ ನಿಮಿಷದ ಆರಂಭಕ್ಕೆ ಎಲ್ಲ ಗಡಿಯಾರಗಳೂ ಒಂದಾಗುತ್ತವೆ. 1944ರಲ್ಲಿ ಈ ಗಡಿಯಾರವನ್ನು ರೂಪಿಸಿದವರು ರೈಲ್ವೆ ಎಂಜಿನಿಯರ್ ಹಾನ್ಸ್ ಹಿಲ್ಫಿಕರ್. ಕೆಂಪು ಮುಳ್ಳು ಸೇರಿದ್ದು ಆಮೇಲೆ.

ನಿಮಿಷಕ್ಕೆ ಅಲ್ಲಿ ಇಷ್ಟೊಂದು ಬೆಲೆ ಏಕೆ? 1982ರಿಂದ ಆ ದೇಶದ ರೈಲುಗಳು ಗಂಟೆಗೊಂದರಂತೆ, ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡತೊಡಗಿದವು. 1987ರಲ್ಲಿ ಜನಮತಗಣನೆ ನಡೆದು, ಇದನ್ನೇ ಇನ್ನಷ್ಟು ಬಿಗಿಗೊಳಿಸುವ ‘ರೈಲು 2000’ ಯೋಜನೆಗೆ ಮತದಾರರು ಒಪ್ಪಿಗೆ ಕೊಟ್ಟರು. ಜ್ಯೂರಿಕ್, ಬರ್ನ್, ಬಾಸೆಲ್‌ನಂಥ ಜಂಕ್ಷನ್‌ಗಳಿಗೆ ನಾಲ್ಕೂ ದಿಕ್ಕಿನ ರೈಲುಗಳು ಗಂಟೆ ಹೊಡೆಯುವ ಮೊದಲು ಬಂದು ಸೇರಬೇಕು, ಜನ ಗಾಡಿ ಬದಲಿಸಬೇಕು, ಗಂಟೆ ಹೊಡೆದ ಕೆಲವೇ ನಿಮಿಷಗಳಲ್ಲಿ ಎಲ್ಲವೂ ಹೊರಟುಬಿಡಬೇಕು.

ಇಲ್ಲೊಂದು ಸ್ವಾರಸ್ಯದ ಲೆಕ್ಕವಿದೆ. ಜ್ಯೂರಿಕ್‌ನಿಂದ ಬರ್ನ್‌ಗೆ ಮೊದಲು ಒಂದು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತಿತ್ತು. ಗಂಟೆ ಮೀರಿ ಐದೇ ನಿಮಿಷವಾದರೂ ಮುಂದಿನ ಗಾಡಿ ಕೈತಪ್ಪಿ, ಪ್ಲಾಟ್‌ಫಾರಂನಲ್ಲಿ ಐವತ್ತೈದು ನಿಮಿಷ ಕಾಯುವ ಪಾಡು. ಹೊಸ 45 ಕಿಲೋಮೀಟರ್ ಹಳಿ ಹಾಕಿ 2004ರಲ್ಲಿ ಪ್ರಯಾಣವನ್ನು 56 ನಿಮಿಷಕ್ಕೆ ಇಳಿಸಿದರು, ಅಲ್ಲಿಗೆ ನಿಲ್ಲಿಸಿದರು. ಇನ್ನೂ ಖರ್ಚು ಮಾಡಿ 50ಕ್ಕೆ ಇಳಿಸಿದ್ದರೆ, ಗಾಡಿ ಬದಲಿಸುವವರು ಉಳಿದ ಆರು ನಿಮಿಷವನ್ನು ಬೆಂಚಿನ ಮೇಲೆ ಕುಳಿತು ಕಳೆಯಬೇಕಿತ್ತು, ಅಷ್ಟೆ. ವೇಗವೊಂದೇ ಪ್ರಗತಿಯ ಅಳತೆಗೋಲು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬಿಡಿಸಿ ನೋಡಬೇಕು.

ರೈಲು ಹೋಗದ ಹಳ್ಳಿಗಳಿಗೆ ಹಳದಿ ಅಂಚೆ ಬಸ್ಸುಗಳಿವೆ. ಬೆಟ್ಟದ ತಿರುವುಗಳಲ್ಲಿ ಅವು ಮೂರು ಸ್ವರಗಳ ಹಾರ್ನ್ ಊದುತ್ತವೆ. ರೊಸಿನಿಯ ‘ವಿಲಿಯಂ ಟೆಲ್’ ಸಂಗೀತದಿಂದ ಆರಿಸಿಕೊಂಡ ಸ್ವರಗಳು. ಕಡಿದಾದ ಅಂಚೆ ರಸ್ತೆಗಳಲ್ಲಿ ಕಾರಿನವರು ಬಸ್ ಚಾಲಕನ ಸೂಚನೆ ಪಾಲಿಸಲೇಬೇಕೆಂಬ ನಿಯಮವಿದೆ, ಹಿಂದೆ ಹೋಗು ಎಂದರೆ ಹಿಂದೆ ಹೋಗಬೇಕು!

ಕಾರು ಬೇಡವೆಂದೇನೂ ಅಲ್ಲಿ ಹೇಳುವುದಿಲ್ಲ. ಹೆದ್ದಾರಿಗೆ ವರ್ಷಕ್ಕೊಮ್ಮೆ 40 ಫ್ರಾಂಕ್ ಕೊಟ್ಟರಾಯಿತು. ವೇಗದ ಮಿತಿ ಗಂಟೆಗೆ 120 ಕಿಲೋಮೀಟರ್. ಆದರೆ ಚಳಿಗಾಲದಲ್ಲಿ ಎತ್ತರದ ಕಣಿವೆ ದಾರಿಗಳು ಹಿಮದಿಂದ ಮುಚ್ಚುತ್ತವೆ. ಆಗ ಕಾಂಡರ್‌ಸ್ಟೆಗ್‌ನಂಥ ಕಡೆ ಕಾರನ್ನೇ ರೈಲಿಗೆ ಹತ್ತಿಸಿ, ಒಳಗೆ ಕುಳಿತಂತೆಯೇ ಸುರಂಗ ದಾಟುವ ಏರ್ಪಾಟಿದೆ. ಜೆರ್ಮಾಟ್‌ಗೆ ಹೋಗುವವರು ಐದು ಕಿಲೋಮೀಟರ್ ಹಿಂದೆಯೇ, ಟೇಶ್ ಎಂಬಲ್ಲಿ, ಕಾರು ಬಿಟ್ಟು ರೈಲು ಹಿಡಿಯಬೇಕು.

ಗೊಟ್ಹಾರ್ಡ್ ಪರ್ವತದ್ದೇ ಬೇರೆ ಕಥೆ. ಅಲ್ಲಿ 1980ರಲ್ಲಿ ತೆರೆದ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗದಲ್ಲಿ ಒಂದೇ ಕೊಳವೆ, ಎದುರುಬದುರು ಸಂಚಾರ. 2001ರ ಅಕ್ಟೋಬರ್‌ನಲ್ಲಿ ಎರಡು ಲಾರಿಗಳು ಡಿಕ್ಕಿಯಾಗಿ ಬೆಂಕಿ ಹೊತ್ತಿ 11 ಜನ ಸತ್ತರು. ಅದಕ್ಕೂ ಮೊದಲೇ, 1994ರಲ್ಲಿ, ದೇಶ ಹಾದುಹೋಗುವ ಸರಕು ರೈಲಿಗೇ ಸೇರಬೇಕೆಂದು ಮತದಾರರು ತೀರ್ಪು ಕೊಟ್ಟಿದ್ದರು. ಅದೇ ಪರ್ವತದಡಿ 57 ಕಿಲೋಮೀಟರಿನ ಹೊಸ ರೈಲು ಸುರಂಗ 2016ರಲ್ಲಿ ತೆರೆಯಿತು. 2023ರ ಆಗಸ್ಟ್‌ನಲ್ಲಿ ಚಕ್ರ ಒಡೆದು ಗೂಡ್ಸ್ ಗಾಡಿಯೊಂದು ಅದರೊಳಗೆ ಹಳಿ ತಪ್ಪಿತು. ಪೂರ್ಣ ಸಂಚಾರ ಮರಳಲು ಮರುವರ್ಷದ ಸೆಪ್ಟೆಂಬರ್ ಬೇಕಾಯಿತು.

ಆ ಅವಧಿಯಲ್ಲಿ ಎಷ್ಟೋ ಪ್ರಯಾಣಿಕ ರೈಲುಗಳು 1882ರ ಹಳೆಯ ದಾರಿಯನ್ನೇ ಏರಿದವು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ, ನೇರ ಏರಲಾಗದು. ಅದಕ್ಕೇ ಆ ಹಳಿ ಬೆಟ್ಟದೊಳಗೆ ಸುತ್ತು ಹಾಕುತ್ತಾ ಮೇಲೇರುತ್ತದೆ. ಸುಮಾರು ಒಂದು ಗಂಟೆ ತಡವಾದರೂ, ಉತ್ತರದಿಂದ ಬಂದ ಪ್ರಯಾಣಿಕರಿಗೆ ವಾಸೆನ್ ಊರಿನ ಬಿಳಿ ಚರ್ಚು ಕಿಟಕಿಯಿಂದ ಮೂರು ಸಲ ಕಂಡಿತು: ಮೊದಲು ತಲೆಯ ಮೇಲೆ, ಆಮೇಲೆ ಸರಿಸಮಕ್ಕೆ, ಕೊನೆಗೆ ಕಾಲ ಕೆಳಗೆ.